ನಾಲ್ಕನೆಯ ಪಾಯಿಂಟು

ತಪ್ಪೊಪ್ಪಿಕೊಳ್ಳುವುದು ದೊಡ್ಡ ಗುಣವೆಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಗುಣ ಇಲ್ಲ. ಮಂಡ್ಯದ ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೂ ಪ್ರಶ್ನೆಪತ್ರಿಕೆಯೇ ತಪ್ಪೆಂದು ವಾದಿಸಿದವಳು ನಾನು. ಇಂಥವಳ ಕೈಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟದ್ದು ಕ್ಯಾಲಿಫೋರ್ನಿಯಾದವರ ತಪ್ಪು.

ಆಗ ಡಾಟ್-ಕಾಮ್ ಕಾಲ. ಅಲ್ಲಿಯದೇ ಡಬ್ಲಿನ್ ಎಂಬ ಊರಿನಲ್ಲಿ ಮನೆ, ಸಾಂಟಾ ಕ್ಲಾರಾದಲ್ಲಿ ಕೆಲಸ. ನಮ್ಮ ಕಂಪನಿ ಇಂಟರ್ನೆಟ್ಟಿನಲ್ಲಿ ನಾಯಿ ಬಿಸ್ಕತ್ತು ಮಾರುತ್ತಿತ್ತು. ಲೋಕದ ನಾಯಿಗಳೆಲ್ಲ ನಮಗಾಗಿಯೇ ಹಸಿದು ಕೂತಿವೆಯೇನೋ ಎಂಬಂತೆ ದಿನಾ ಓಡುತ್ತಿದ್ದೆ. ಹಿಂದೆ ಪೊಲೀಸರು ಓಡಿಬರುತ್ತಿದ್ದರು. ಮೊದಲ ದಂಡದ ಟಿಕೆಟ್ಟಿಗೆ ಶನಿವಾರವಿಡೀ ಟ್ರಾಫಿಕ್ ಸ್ಕೂಲಿನಲ್ಲಿ ಕೂತು, ತಪ್ಪಿಗೊಂದರಂತೆ ಲೈಸೆನ್ಸಿನ ಮೇಲೆ ಬೀಳುವ ಪಾಯಿಂಟು ತಪ್ಪಿಸಿಕೊಂಡೆ. ಆ ರಿಯಾಯಿತಿ ಹದಿನೆಂಟು ತಿಂಗಳಿಗೆ ಒಂದೇ ಸಲವಂತೆ. ಆಮೇಲೆ ಫ್ರೀವೇಯಲ್ಲಿ ವೇಗಕ್ಕೆ ಎರಡು, ತಿರುಗಬಾರದ ಕಡೆ ತಿರುಗಿದ್ದಕ್ಕೆ ಒಂದು, ಹೀಗೆ ಮೂರು ಪಾಯಿಂಟು ಅಂಟಿಕೊಂಡವು. ಹನ್ನೆರಡು ತಿಂಗಳೊಳಗೆ ನಾಲ್ಕಾದರೆ ಲೈಸೆನ್ಸೇ ಅಮಾನತು. ಹನ್ನೊಂದನೆಯ ತಿಂಗಳಲ್ಲಿ, ಮಗಳ ಡೇಕೇರಿನ ಪಕ್ಕದ ಸ್ಟಾಪ್ ಬೋರ್ಡಿನ ಹತ್ತಿರ ನಾನು ಪೂರ್ತಿ ನಿಲ್ಲಲಿಲ್ಲವೆಂದು ಒಬ್ಬ ಪೊಲೀಸ್ ಟಿಕೆಟ್ ಬರೆದ.

ನನ್ನ ಗಂಡ ರಘು ಹಾಸನದವರು. ಫ್ರೀವೇಯ ಬಲತುದಿಯ ಲೇನು ಬಿಟ್ಟು ಕದಲದ, ಒಂದು ಟಿಕೆಟ್ಟನ್ನೂ ಕಾಣದ ಮನುಷ್ಯ.

"ಒಪ್ಕೊಂಡ್ಬಿಡೇ. ಆಫೀಸಿಗೆ ನಾನೇ ಡ್ರಾಪ್ ಮಾಡ್ತೀನಿ," ಎಂದರು.

ಅವರ ಆಫೀಸು ಇದ್ದದ್ದು ಬೇರೆಯೇ ದಿಕ್ಕಿನ ಓಕ್ಲ್ಯಾಂಡಿನಲ್ಲಿ. ಅವರ ವೇಗದಲ್ಲಿ ನನ್ನನ್ನು ಇಳಿಸಿ ಅವರು ತಲುಪುವ ಹೊತ್ತಿಗೆ ಇಬ್ಬರ ಕೆಲಸವೂ ಹೋಗಿರುತ್ತಿತ್ತು.

"ಕೇಸನ್ನ ಮುಂದಕ್ಕೆ ಹಾಕಿಸ್ತೀನಿ. ಅಷ್ಟರಲ್ಲಿ ಮೊದಲನೇ ಪಾಯಿಂಟಿಗೆ ವರ್ಷ ತುಂಬುತ್ತೆ, ಅದು ಬಿದ್ದೋಗುತ್ತೆ," ಎಂದೆ.

"ತೀರ್ಪಿನ ದಿನದಿಂದ ಅಲ್ಲ ಕಣೇ, ತಪ್ಪು ಮಾಡಿದ ದಿನದಿಂದ ಲೆಕ್ಕ. ನೀನು ಎಷ್ಟು ತಳ್ಳಿದ್ರೂ ನಾಲ್ಕು ನಾಲ್ಕೇ."

"ತಪ್ಪು ಮಾಡಿದ ದಿನ ಅನ್ಬೇಡಿ. ಟಿಕೆಟ್ ಕೊಟ್ಟ ದಿನ ಅನ್ನಿ."

ಅಂದಮೇಲೆ ಗೆಲ್ಲುವುದೊಂದೇ ದಾರಿ. ಎರಡು ವಾರ ಕೂತು ಭಾಷಣ ಬರೆದೆ. ಬೋರ್ಡಿಗೆ ಅಡ್ಡ ಬಂದ ಮರದ ಕೊಂಬೆಯ ಫೋಟೋ ತೆಗೆದೆ.

"ಬೋರ್ಡು ಕಾಣ್ಲಿಲ್ಲ ಅಂತೀಯಾ, ನಿಂತೆ ಅಂತೀಯಾ?" ರಘು ಕೇಳಿದರು.

"ಎರಡೂ."

ಕೋರ್ಟಿನ ದಿನ ರೇಷ್ಮೆ ಸೀರೆ ಉಟ್ಟು ಹೋದೆ. ರಘು ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಕೂತರು. ನನ್ನ ಹೆಸರು ಕರೆದಾಗ ಭಾಷಣ ಹಿಡಿದು ಎದ್ದೆ. ಆದರೆ ಟಿಕೆಟ್ ಕೊಟ್ಟ ಪೊಲೀಸ್ ಬಂದೇ ಇರಲಿಲ್ಲ.

"ಸಾಕ್ಷಿ ಇಲ್ಲ, ಕೇಸು ವಜಾ. ನೀವು ಹೋಗಬಹುದು," ಎಂದರು ಜಡ್ಜ್, ಬೆಳ್ಳಿಕೂದಲಿನ ಹೆಂಗಸು.

ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಹೊರಡುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಎರಡು ವಾರದ ಭಾಷಣ ಏನಾಗಬೇಕು?

"ಅವನು ಬರಲಿಲ್ಲ ಅಂತ ನಾನು ಗೆಲ್ಲೋದು ಬೇಡ, ಯುವರ್ ಆನರ್. ನಾನು ನಿಂತಿದ್ದೆ, ಅದಕ್ಕೇ ಗೆಲ್ಲಬೇಕು."

ಹಿಂದಿನ ಬೆಂಚಿನಿಂದ ರಘು ಜೋರಾಗಿ ಕೆಮ್ಮಿದರು. ನಾನು ತಿರುಗಲಿಲ್ಲ.

ಜಡ್ಜ್ ಕನ್ನಡಕ ತೆಗೆದರು. "ಎಷ್ಟು ಹೊತ್ತು ನಿಂತಿರಿ?"

"ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಸೆಕೆಂಡ್ ಗೇರಿಗೆ ಹಾಕಿ ಹೊರಟೆ. ಅಷ್ಟು ಹೊತ್ತು!"

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಮ್ಯಾಮ್," ಎಂದರು ಜಡ್ಜ್ ಮೆಲ್ಲಗೆ, "ನಾನೂ ಗೇರಿನ ಕಾರನ್ನೇ ಓಡಿಸುವುದು. ನಿಂತ ಕಾರು ಫಸ್ಟ್ ಗೇರಿನಲ್ಲಿ ಹೊರಡುತ್ತದೆ. ಕೇಸನ್ನು ಆಗಲೇ ವಜಾ ಮಾಡಿದ್ದೇನೆ. ದಯವಿಟ್ಟು ಇನ್ನೊಂದು ಮಾತೂ ಆಡದೆ ಮನೆಗೆ ಹೋಗಿ."

ಆ ಹೊತ್ತಿಗೆ ರಘು ಬಂದು ನನ್ನ ಮೊಣಕೈ ಹಿಡಿದಾಗಿತ್ತು. ಪಾರ್ಕಿಂಗ್ ಲಾಟಿನವರೆಗೂ ಹಾಗೇ ನಡೆಸಿಕೊಂಡು ಬಂದು, ಕಾರಿನ ಬಾಗಿಲು ಹಾಕಿದ ಮೇಲೆ, "ಸೆಕೆಂಡ್ ಗೇರಾ?" ಎಂದರು. ಮಡಚಿದ ಭಾಷಣವನ್ನು ಪರ್ಸಿಗೆ ತುರುಕಿ ನಾನು ಕಿಟಕಿಯ ಕಡೆ ತಿರುಗಿದೆ.

ಮುಂದಿನ ತಿಂಗಳು ಮೊದಲ ಪಾಯಿಂಟಿಗೆ ವರ್ಷ ದಾಟಿ, ಲೆಕ್ಕಕ್ಕೆ ಎರಡೇ ಉಳಿದವು. ಮೂರು ವರ್ಷಕ್ಕೆ ಎಲ್ಲವೂ ದಾಖಲೆಯಿಂದ ಅಳಿಸಿಹೋದವು. ಕಂಪನಿ ಅದಕ್ಕೂ ಮೊದಲೇ ಅಳಿಸಿಹೋಗಿತ್ತು. ನನ್ನ ನಿಲುವು ಮಾತ್ರ ಇವತ್ತಿಗೂ ಬದಲಾಗಿಲ್ಲ. ಅವತ್ತು ನಾನು ನಿಂತಿದ್ದೆ. ಕಾರಿನ ವಿಷಯ ನನ್ನನ್ನು ಕೇಳಬೇಡಿ.