ಒಂದು ಹಳ್ಳ, ಮೂರು ಅಡಿಗಲ್ಲು

ಶಾಸಕರ ಹಿಂದೆ ಫೈಲು ಹಿಡಿದು ಓಡಾಡಿದವನಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಮೊದಲು ಹೊಟ್ಟೆ ಉರಿಯುತ್ತದೆ, ನಗು ಬರಲು ವರ್ಷಗಳೇ ಬೇಕು.

ಎಂಬತ್ತರ ದಶಕದಲ್ಲಿ ಮಾಸ್ತರಕಿ ಬಿಟ್ಟು ನಮ್ಮ ಭಾಗದ ಶಾಸಕರೊಬ್ಬರ ಆಪ್ತ ಸಹಾಯಕನಾದೆ. ಕಾರಣ ಒಂದೇ. ಸದಲಗಾ ಕಡೆಯ ನಮ್ಮೂರಿಗೆ ಹಳ್ಳ ಅಡ್ಡ, ಸೇತುವೆಯಿಲ್ಲ. ಅವ್ವ ಹಾಲಿನ ಕ್ಯಾನು ಹೊತ್ತು, ಮೊಣಕಾಲುದ್ದ ನೀರು ದಾಟಿ ಡೇರಿಗೆ ಹೋಗಬೇಕು. ಮಳೆಗಾಲದಲ್ಲಿ ಹಾಲು ಮನೆಯಲ್ಲೇ. "ಸಾಹೇಬ್ರ ಬಾಜೂಕ ನಾ ಇದ್ರ ಪೂಲ್ ಆಗೇ ಆಗ್ತೈತಿ ಬೇ" ಎಂದು ಅವ್ವನಿಗೆ ಮಾತು ಕೊಟ್ಟಿದ್ದೆ.

೧. ಗೈರುಹಾಜರಿ

ಸಾಹೇಬರು ಆರಿಸಿ ಬಂದ ವರ್ಷವೇ ಸೇತುವೆಗೆ ಅಡಿಗಲ್ಲು. ಹಳ್ಳ ತುಂಬಿ ಹರಿಯುತ್ತಿತ್ತು. ಪೆಂಡಾಲು, ಪೂಜೆ, ಪೇಟ ಎಲ್ಲ ರಸ್ತೆ ಕಡೆಯ ದಂಡೆಯಲ್ಲಿ. ನಮ್ಮೂರವರು ಆಚೆ ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಭಾಷಣ ಕೇಳಿಸದಿದ್ದರೂ ಪಾಪ, ಚಪ್ಪಾಳೆ ಹೊಡೆದರು.

ಸಾಹೇಬರಿಗೆ ಸಿಟ್ಟು. "ಊರವ್ರು ಅಲ್ಲೇ ಯಾಕ ನಿಂತಾರ? ಇಲ್ಲಿ ಬರಾಕ ಏನ ಧಾಡಿ?"

"ಪೂಲ್ ಇಲ್ಲರೀ ಸಾಹೇಬ್ರ" ಎಂದೆ.

೨. ಗುಲಾಲು

ಕಲ್ಲು ಬಂತು, ಕಟ್ಟುವವರು ಬರಲಿಲ್ಲ. ವಿಧಾನಸಭೆಯಲ್ಲಿ ಕೇಳಲು ಪ್ರಶ್ನೆಯನ್ನು ನಾನೇ ಬರೆದುಕೊಟ್ಟೆ. ಮಂತ್ರಿಗಳ ಉತ್ತರ ಒಂದೇ ಸಾಲು: ಪ್ರಸ್ತಾವನೆ ಪರಿಶೀಲನೆಯಲ್ಲಿದೆ.

ಸಾಹೇಬರು ಊರಿಗೆ ಬಂದ ದಿನ ಹಲಗಿ ಬಡಿತ, ಗುಲಾಲು, ಜೀಪಿನ ಮೆರವಣಿಗೆ. ಮೈಕು ಹಿಡಿದು ಕೂಗಿದರು: "ಪರಿಶೀಲನಾ ಮಂಜೂರಾಗೈತಿ!" ಜನ ಜೈಕಾರ ಹಾಕಿದರು. ನಾಚಿಕೆಗೇಡು! ನನ್ನ ಮೈಯೆಲ್ಲ ಉರಿಯಿತು, ಆದರೆ ಹಲಗಿಯವರನ್ನು ಕರೆಸಿದವನೂ ನಾನೇ.

ಮನೆಗೆ ಹೋದರೆ ಅವ್ವ ನನ್ನ ಕೆಂಪು ಮುಖ ನೋಡಿ ಎಲ್ಲ ಕೇಳಿ ತಿಳಿದುಕೊಂಡಳು. ಆಮೇಲೆ ಕೇಳಿದಳು: "ಆ ಪರಿಶೀಲನಾದ ಮ್ಯಾಲ ಹಾಯ್ದು ಡೇರಿಗೆ ಹೋಗಾಕ ಬರ್ತೈತೇನೋ?"

೩. ಹಳೇ ಹೆಸರು

ಮುಂದಿನ ಚುನಾವಣೆಗೆ ಎರಡನೆಯ ಅಡಿಗಲ್ಲು. ಅದರ ಮುಂದಿನದಕ್ಕೆ ಮೂರನೆಯದು ಕೆತ್ತಿಸಲು ಸಾಹೇಬರು ಹೇಳಿದಾಗ ನನಗೆ ತಡೆಯಲಾಗಲಿಲ್ಲ.

"ಎರಡ ಕಲ್ಲ ಅಲ್ಲೇ ಬಿದ್ದಾವಲ್ರಿ!"

"ಮಾಸ್ತರ, ಅದರಾಗ ಹಳೇ ಮಂತ್ರಿ ಹೆಸರೈತಿ. ಅದನ್ನ ನೋಡಿ ಹೊಸಾ ಮಂತ್ರಿ ಪೂಲ್ ಕೊಡ್ತಾನೇನ್ರಿ? ಶಾಣ್ಯಾ ಅದೀರಿ, ರಾಜಕೀಯ ತಿಳೀಲಿಲ್ಲ ನಿಮಗ."

ಹೊಸ ಕಲ್ಲು ನಿಂತ ತಿಂಗಳಲ್ಲೇ ಹೊಸ ಮಂತ್ರಿಯೂ ಹಳಬರಾದರು.

೪. ಬಾಕಿ ಕೆಲಸ

ತೊಂಬತ್ತರ ದಶಕದಲ್ಲಿ ಮತ್ತೆ ಪ್ರಚಾರಕ್ಕೆ ಹೋದೆವು. ದಂಡೆಯಲ್ಲಿ ಒಂದು ಅಡಿಗಲ್ಲೂ ಇರಲಿಲ್ಲ. ಊರವರು ಮೂರನ್ನೂ ಕಿತ್ತು, ದಾಟಲಿಕ್ಕೆಂದು ಹಳ್ಳದೊಳಗೆ ಸಾಲಾಗಿ ಹಾಸಿದ್ದರು. ಕಾಲು ಜಾರಬಾರದೆಂದು ಕೆತ್ತಿದ ಅಕ್ಷರಗಳನ್ನು ಮೇಲೆ ಮಾಡಿದ್ದರು.

ಸಾಹೇಬರು ಧೋತರ ಎತ್ತಿ ಹಿಡಿದು ಮುಂದೆ ನಡೆದರು. ಮೊದಲ ಸಲದ ತಮ್ಮ ಹೆಸರಿನ ಮೇಲೆ ಒಂದು ಹೆಜ್ಜೆ, ಎರಡನೆಯ ಸಲದ ಹೆಸರಿನ ಮೇಲೆ ಇನ್ನೊಂದು. ಮೂರನೆಯ ಕಲ್ಲಿನ ಮೇಲೆ ನಿಂತುಬಿಟ್ಟರು. ಮುಂದೆ ಬರೀ ನೀರು.

ಆಚೆ ದಂಡೆಯಲ್ಲಿ ಅವ್ವ ಕ್ಯಾನು ಹಿಡಿದು ನಿಂತಿದ್ದಳು. ಅಲ್ಲಿಂದಲೇ ಕೂಗಿದಳು: "ಸಾಹೇಬ್ರ, ಇನ್ನ ಎರಡ ಕಲ್ಲ ಕಮ್ಮಿ ಬಿದ್ದಾವ್ರಿ! ಇನ್ನೆರಡ ಸಲ ಪೂಜಾ ಮಾಡಿಬಿಡ್ರಿ, ನಾವ ದಾಟ್ತೀವಿ!"

ದಂಡೆಯೆಲ್ಲ ನಕ್ಕಿತು. ಇಷ್ಟು ವರ್ಷದ ನನ್ನ ಸಿಟ್ಟನ್ನು ಅವ್ವ ಒಂದೇ ಮಾತಿನಲ್ಲಿ ಆಡಿ ಮುಗಿಸಿದ್ದಳು. ಈಗಲಾದರೂ ಈ ಮನುಷ್ಯ ತಲೆ ತಗ್ಗಿಸುತ್ತಾನೆ ಅಂದುಕೊಂಡೆ.

ಸಾಹೇಬರು ಗಂಭೀರವಾಗಿ ನನ್ನ ಕಡೆ ತಿರುಗಿದರು.

"ಬರಕೋರಿ ಮಾಸ್ತರ. ಜನರ ಬೇಡಿಕಿ: ಎರಡ ಕಲ್ಲ."