ಹೊನವಾಡದ ಹೊಲದಲ್ಲಿ ಸುಣ್ಣದ ಕಲ್ಲು

ನನ್ನ ಅಣ್ಣನ ಮಗಳಿಗೆ ಮಾತು ಬರುತ್ತದೆ. ಇದನ್ನು ಮೊದಲೇ ದಾಖಲಿಸಿಬಿಡುತ್ತೇನೆ, ಏಕೆಂದರೆ ನಮ್ಮ ಬಡಾವಣೆಯ ಅರ್ಧ ಜನ ಇದನ್ನು ನಂಬುವುದಿಲ್ಲ. ಎದುರುಮನೆಯಾಕೆ ಒಮ್ಮೆ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದರು. ಹುಡುಗಿ ಬಾಗಿಲು ತೆರೆದಳು, ಬಟ್ಟಲು ಇಸಿದುಕೊಂಡಳು, ಹೆಪ್ಪು ಹಾಕಿ ಕೊಟ್ಟಳು, ಬಾಗಿಲು ಮುಚ್ಚಿದಳು. ಮರುದಿನ ಆಕೆ ನನ್ನನ್ನು ಗೇಟಿನ ಬಳಿ ನಿಲ್ಲಿಸಿ ದನಿ ತಗ್ಗಿಸಿ ಕೇಳಿದರು: "ಪಾಪ, ಹುಟ್ಟಿನಿಂದನ ಹಿಂಗ ಏನ್ರಿ?"

ನಾನು ವಿಜಯಪುರದ ಒಂದು ಪತ್ರಿಕೆಯಲ್ಲಿ ಸುದ್ದಿ ತರುವವನು, ತಿದ್ದುವವನು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಹುಡುಗಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಲು ಬಂದು, ಅಥಣಿ ರಸ್ತೆಯ ನನ್ನ ಮನೆಯಲ್ಲಿ ಇದ್ದಾಳೆ. ನಮ್ಮಿಬ್ಬರ ವ್ಯವಹಾರವೆಲ್ಲ ಚೀಟಿಯಲ್ಲಿ. "ಹಾಲು ಒಡೆದಿದೆ." "ಗ್ಯಾಸ್ ಮುಗಿಯಲಿದೆ." ನಾನು ಅಭ್ಯಾಸಬಲದಿಂದ ಅವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಉತ್ತರ ಬರೆದು, ಫ್ರಿಜ್ಜಿಗೆ ಅಂಟಿಸುತ್ತೇನೆ. ಒಟ್ಟು ಓದುಗರ ಸಂಖ್ಯೆ ಎರಡು. ಇದಕ್ಕಿಂತ ಕಡಿಮೆ ಪ್ರಸಾರದ ಪತ್ರಿಕೆ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು!

ವಿಶ್ವವಿದ್ಯಾಲಯದಲ್ಲಿ 'ಸಾಮಾಜಿಕ ಮತ್ತು ಭಾವನಾತ್ಮಕ ಕೌಶಲ' ಎಂಬ ತರಗತಿ ಶುರುವಾದಾಗ ನನಗೆ ಸಣ್ಣದೊಂದು ಆಸೆ ಹುಟ್ಟಿತು. ತಿಂಗಳೊಳಗೆ ಅವಳ ಮೇಡಂ ಫೋನ್ ಮಾಡಿದರು. ಗೆಳತಿಯೊಬ್ಬಳು ದುಃಖದಲ್ಲಿದ್ದರೆ ಏನು ಮಾಡುತ್ತೀರಿ ಎಂದು ಪರೀಕ್ಷೆಯಲ್ಲಿ ಕೇಳಿದ್ದರಂತೆ. ಇವಳ ಉತ್ತರ: "ಹತ್ತು ಮೀಟರ್ ದೂರದಲ್ಲಿ ಸದ್ದು ಮಾಡದೆ ಕುಳಿತುಕೊಳ್ಳುತ್ತೇನೆ. ಹತ್ತಿರ ಹೋದರೆ ಗಾಬರಿಯಾಗಬಹುದು." ಅದರಲ್ಲಿ ತಪ್ಪೇನಿದೆ ಎಂದು ನನಗನ್ನಿಸಿತು. ಮೇಡಂಗೆ ಹಾಗನ್ನಿಸಲಿಲ್ಲ.

ಅವಳು ಲೋಕವನ್ನು ಕಲಿತದ್ದೆಲ್ಲ ಹಕ್ಕಿಗಳಿಂದ. ಪ್ರತಿ ಶನಿವಾರ ಕೊರಳಿಗೆ ದುರ್ಬೀನು ಹಾಕಿಕೊಂಡು, ಟಿಕೋಟಾ ಮೇಲೆ ಹೋಗುವ ಬಸ್ಸಿನಲ್ಲಿ ಹೊನವಾಡಕ್ಕೆ ಹೋಗುತ್ತಾಳೆ. ಹೊಲದಲ್ಲಿ ಬದುಕುವ ಹಕ್ಕಿಗಳನ್ನು ಎಣಿಸಿ ಬರೆಯುವುದು ಅವಳ ಓದಿನ ಭಾಗ. ಬದುವಿನ ಮೇಲೆ ಮೂರು ತಾಸು ಕಲ್ಲಿನಂತೆ ಕೂರುತ್ತಾಳೆ. ದಾರಿಹೋಕರು ಮಾತಾಡಿಸಿದರೆ ಎದ್ದು ಇನ್ನೊಂದು ಬದುವಿಗೆ ಹೋಗುತ್ತಾಳೆ!

ಈ ಬೇಸಿಗೆಯಲ್ಲಿ, ಜೋಳ ಕೊಯ್ದು ಖಾಲಿಯಾದ ಹೊಲವೊಂದರಲ್ಲಿ ಅವಳಿಗೆ ಟಿಟವಿ ಹಕ್ಕಿಯ ತತ್ತಿಗಳು ಕಂಡವು. ಟಿಟವಿ ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ತತ್ತಿ ಇಡುತ್ತದೆ. ಎರೆಮಣ್ಣಿನ ಹೆಂಟೆಗಳ ನಡುವೆ ನಾಲ್ಕು ತತ್ತಿ. ಮುಂದಿನ ವಾರವೇ ಆ ಹೊಲಕ್ಕೆ ಟ್ರ್ಯಾಕ್ಟರ್ ಬಿಟ್ಟು ಹರಗುತ್ತಾರೆ ಎಂದು ಪಕ್ಕದ ದ್ರಾಕ್ಷಿ ತೋಟದ ಹೆಂಗಸರು ಮಾತಾಡಿಕೊಳ್ಳುವುದೂ ಕಿವಿಗೆ ಬಿತ್ತು. ಹೊಲದ ಯಜಮಾನರು ಎದುರಿಗೇ ಬೇವಿನ ನೆರಳಿನಲ್ಲಿ ಕೂತಿದ್ದರು. ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದಳೇ? ಮನೆಗೆ ಬಂದು ಅರ್ಜಿ ಬರೆಯಲು ಕೂತಳು. ವಾರವಿಡೀ ಕಸದ ಬುಟ್ಟಿಯಲ್ಲಿ "ಮಾನ್ಯರೇ" ಎಂದು ಶುರುವಾಗಿ ಅಲ್ಲಿಗೇ ನಿಂತ ಹಾಳೆಗಳು ಸಿಗುತ್ತಿದ್ದವು. ತರಗತಿಯ ಕೆಲಸ ಇರಬೇಕೆಂದು ನಾನು ಸುಮ್ಮನಿದ್ದೆ.

ಮುಂದಿನ ಶನಿವಾರ ಹೋಗುವಾಗ, ಹಿತ್ತಲ ಗೋಡೆಗೆಂದು ತಂದಿಟ್ಟ ಸುಣ್ಣದಲ್ಲಿ ಒಂದು ಡಬ್ಬಿ ತುಂಬಿಕೊಂಡು ಹೋಗಿದ್ದಾಳೆ. ತತ್ತಿಗಳ ಸುತ್ತ ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಕಲ್ಲಿಟ್ಟು, ಸುಣ್ಣ ಬಳಿದು ಬಂದಿದ್ದಾಳೆ. ಹರಗುವವರು ಕಲ್ಲು ನೋಡಿ ಅಷ್ಟು ಜಾಗ ಬಿಡುತ್ತಾರೆ, ಯಾರೂ ಯಾರೊಂದಿಗೂ ಮಾತಾಡಬೇಕಿಲ್ಲ ಎಂಬುದು ಅವಳ ಲೆಕ್ಕ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮರುದಿನ ಬೆಳಿಗ್ಗೆ ನಮ್ಮ ಪತ್ರಿಕೆಯ ಕಚೇರಿಗೆ ಹೊನವಾಡದ ರೈತರೊಬ್ಬರು ಬಂದರು. ಕಣ್ಣು ಕೆಂಪಾಗಿದ್ದವು. "ಸಾಹೇಬ್ರ, ನಮ್ಮ ಹೊಲದಾಗ ಸರ್ವೇ ಕಲ್ಲ ಇಟ್ಟಾರ್ರಿ. ನೋಟಿಸಿಲ್ಲ, ಏನಿಲ್ಲ."

ನಾನು ಪೆನ್ನು ತೆಗೆದೆ. ಅವರು ಹೇಳುತ್ತ ಹೋದರು. ಊರಲ್ಲಿ ಎರಡು ಪಕ್ಷಗಳಾಗಿದ್ದವು. ಬಬಲೇಶ್ವರದ ಕಡೆಯಿಂದ ಕಾಲುವೆ ಬರುತ್ತದೆ ಎಂದು ಒಂದು, ರಸ್ತೆ ಬರುತ್ತದೆ ಎಂದು ಇನ್ನೊಂದು. ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿಗೆ ಫೋನ್ ಮಾಡಿದರೆ ತನಗೇನೂ ಗೊತ್ತಿಲ್ಲ ಎಂದರಂತೆ. ಅವರಿಗೆ ಗೊತ್ತಿಲ್ಲ ಎಂದ ಮೇಲೆ ಸುದ್ದಿ ಖರೆಯೇ ಎಂದು ಎರಡೂ ಪಕ್ಷದವರು ಒಪ್ಪಿದರಂತೆ! ಇರುವುದೇ ಮೂರು ಎಕರೆ, ರಾತ್ರಿಯೆಲ್ಲ ನಿದ್ದೆಯಿಲ್ಲ, ಇವತ್ತೇ ಸಂಜೆ ಕಲ್ಲು ಕಿತ್ತೊಗೆದು ಗುರುತೇ ಉಳಿಯದಂತೆ ಹರಗಿಬಿಡುತ್ತೇನೆ ಎಂದರು.

"ಯಾರು ಇಟ್ಟರು, ನೋಡಿದವರಿದ್ದಾರೆಯೇ?" ಎಂದು ಕೇಳಿದೆ.

"ಒಂದ್ ಹೆಣ್ಣಮಗಳಂತ್ರಿ. ಕೊಳ್ಳಾಗ ದುರ್ಬೀನ ಇತ್ತಂತ. ದೊಡ್ಡ ಆಫೀಸರ್ ಇರಬೇಕ್ರಿ. ಯಾರ ಕೂಡನೂ ಮಾತ ಆಡಲಿಲ್ಲಂತ."

ಪೆನ್ನು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಆರೋಪಿಗಳನ್ನು ಊರೆಲ್ಲ ಹುಡುಕಿದ್ದೇನೆ, ನನ್ನ ಮನೆಯಲ್ಲೇ ಸಿಕ್ಕಿದ್ದು ಇದೇ ಮೊದಲು. ಸಂಜೆ ನಾನೇ ಬರುತ್ತೇನೆ, ಅಲ್ಲಿಯತನಕ ಹರಗಬೇಡಿ ಎಂದು ಅವರನ್ನು ಕಳಿಸಿದೆ.

ಅಲ್ಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಇದು ನಾನು ಹೇಳುವ ಮಾತಲ್ಲ ಅನ್ನಿಸಿತು. ಮನೆಗೆ ಹೋಗಿ ಅವಳಿಗೆ ಎಲ್ಲ ತಿಳಿಸಿದೆ. ಚೀಟಿ ಬರೆದು ಮುಂದಿಟ್ಟಳು: "ನೀವೇ ಹೇಳಿ." ಅವಳೇ ಹೇಳುವಂತೆ ನಾನು ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದೆ: "ನಾನೇ ಹೇಳುತ್ತೇನೆ." ತಿದ್ದಿದ ಪ್ರತಿಯನ್ನು ಅವಳ ಮುಂದಿಟ್ಟೆ. ಓದಿ, ಚಪ್ಪಲಿ ಮೆಟ್ಟಿಕೊಂಡಳು.

ಹೊಲದಲ್ಲಿ ಹತ್ತಿಪ್ಪತ್ತು ಜನ ಕಲ್ಲುಗಳನ್ನು ದೂರದಿಂದಲೇ ನೋಡುತ್ತ ನಿಂತಿದ್ದರು. ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಮೇಲೆ ಟಿಟವಿ ಚೀರುತ್ತ ಸುತ್ತುತ್ತಿತ್ತು. ನಾನು ಹಿಂದೆ ಸರಿದು ನಿಂತೆ. ಅವಳು ಯಜಮಾನರ ಮುಂದೆ ಹೋಗಿ ನಿಂತಳು, ಅಷ್ಟೆ. ಯಾರೋ ಟ್ರ್ಯಾಕ್ಟರ್ ಆಫ್ ಮಾಡಿದರು.

"ಕಲ್ಲ ನಾ ಇಟ್ಟೇನ್ರಿ," ಅಂದಳು. "ನಿಮ್ಮನ್ನ ಕೇಳಾಕ ಅಂಜಿಕಿ ಆತು. ನಿಮಗ ನಿದ್ದಿ ಬಂದಿಲ್ಲಂತ ಕೇಳಿ ಭಾಳ ಕೆಟ್ಟ ಅನಿಸ್ತು. ನನ್ನ ಕಡೆಯಿಂದ ತಪ್ಪಾತ್ರಿ. ಆ ಕಲ್ಲಿನ ನಡುವ ನಾಕು ತತ್ತಿ ಅದಾವು. ಅವನ್ನ ಉಳಸ್ರಿ."

ಯಜಮಾನರು ಕಲ್ಲು ನೋಡಿದರು, ಹಕ್ಕಿ ನೋಡಿದರು, ಅವಳನ್ನು ನೋಡಿದರು. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇಷ್ಟ ಏನಬೇ? ಬಿತ್ತೂದ್ರೊಳಗ ಮರಿ ಆಗಿ ಹೋಗತಾವೇನು?"

"ಒಂದ್ ತಿಂಗಳ ಸಾಕ್ರಿ."

"ಹಂಗಾದ್ರ ಇರಲಿ ಬಿಡು."

ಅವರೇ ಟ್ರ್ಯಾಕ್ಟರ್ ಹತ್ತಿದರು. ಅವಳು ಮುಂದೆ ನಿಂತು ಕೈ ತೋರಿಸಿದಂತೆ ಬಳಸಿ ಹರಗಿದರು. ನಡುವೆ ಒಂದು ಹೊರಸಿನ ಮಂಚದಷ್ಟು ನೆಲ ಹಾಗೇ ಉಳಿಯಿತು. ಅಂದು ನಿಜಕ್ಕೂ ಬೇಸರಪಟ್ಟವರು ಪಕ್ಕದ ಹೊಲದವರೊಬ್ಬರೇ. ಅವರು ಹೊಲ ಹೋದರೆ ಬರುವ ಪರಿಹಾರದ ದುಡ್ಡಿನಲ್ಲಿ ಆಗಲೇ ಮನಸ್ಸಿನಲ್ಲಿ ಮನೆ ಕಟ್ಟಿಸಿ, ಬಣ್ಣವನ್ನೂ ಆರಿಸಿಯಾಗಿತ್ತು!

ಬಸ್ಸಿನಲ್ಲಿ ವಾಪಸು ಹೊರಟೆವು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಈ ದಿನದ ಮಾತಿನ ಪಡಿತರ ಮುಗಿಯಿತು ಎಂದುಕೊಂಡೆ. ಟಿಕೋಟಾ ದಾಟಿದ ಮೇಲೆ ನನ್ನತ್ತ ತಿರುಗಿದಳು.

"ಕಾಕಾ, ಕಾಕು ಹೋದ ಮ್ಯಾಲ ನೀವು ಯಾರ ಕೂಡ ಮಾತಾಡತೀರಿ?"

ಊರಿಗೆಲ್ಲ ಪ್ರಶ್ನೆ ಕೇಳುವುದೇ ನನ್ನ ವೃತ್ತಿ. ನನಗೆ ಯಾರೂ ಕೇಳಿರಲಿಲ್ಲ. ಆಫೀಸಿನಲ್ಲಿ ಬೇಕಾದಷ್ಟು ಜನ ಇರುತ್ತಾರೆ ಎಂದೆ.

"ಅದನ್ನ ಕೇಳಲಿಲ್ಲ ನಾ," ಅಂದಳು.

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಅವಳು ಹತ್ತಿರ ಸರಿಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದ ಕೊನೆಯ ದಿನ ನಾನು ಕಚೇರಿಯಲ್ಲಿ ಪುಟ ಮುಗಿಸುತ್ತ ಕೂತಿದ್ದೆ ಎಂದು ಹೇಳಿದೆ. ಅದು ನಾನು ಯಾರಿಗೂ ಹೇಳದ ಮಾತು. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ.

ಅಥಣಿ ರಸ್ತೆಯಲ್ಲಿ ನಮ್ಮ ಬಡಾವಣೆಯ ಸ್ಟಾಪ್ ಬಂತು. ಕಂಡಕ್ಟರ್ ಸೀಟಿ ಊದಿ, ಎರಡು ಸಲ ಕೂಗಿದ. ನಾನಿನ್ನೂ ಹೇಳುತ್ತಲೇ ಇದ್ದೆ. ಅವಳು ಏಳಲಿಲ್ಲ.