ಸೈರನ್ ಕೂಗಿದ ದಿನ ಸೌಟು ಯಾರ ಕೈಲಿತ್ತು?

ಕೆಲವರಿಗೆ ಊಟ ಅರಗದಿದ್ದರೆ ಚಡಪಡಿಕೆ, ನನಗೆ ಅನುಮಾನ ಅರಗದಿದ್ದರೆ. ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿದವಳು ನಾನು. ಹಾಕಿಯೇ ಇರುತ್ತೇನೆ. ಆದರೂ ಬಂದ ತಪ್ಪಿಗೆ ಇನ್ನೊಂದು ಚಮಚ ಹಾಕಿ ಹೋಗುತ್ತೇನೆ. ಮರುದಿನ ಮೊಸರು ತಿಂದವರ ಮುಖ ನೋಡಬೇಕು! ಇಂಥವಳ ಮನೆಗೆ ಒಂದು ಇಡೀ ಖಂಡದ ಅನುಮಾನ ಬಂದು ಕೂತರೆ ಗತಿಯೇನು?

ತಂದವಳು ಮಗಳು ರಚನಾ. ಕಾಲೇಜಿನ ಭಾಷಣ ಸ್ಪರ್ಧೆಗೆ ‘ಹಂಚಿಕೊಂಡ ಚರಿತ್ರೆಯೇ ಖಂಡದ ಗುರುತು’ ಎಂಬ ವಿಷಯ ಕೊಟ್ಟಿದ್ದರಂತೆ. ವಿದ್ಯಾನಗರದ ನಮ್ಮ ಮನೆಯ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಮುಂದೆ ಬಂದು ಕೂತು, “ಅಮ್ಮಾ, ಏಷ್ಯಾದವ್ರಿಗೆಲ್ಲ ಒಂದೇ ನೆನಪು ಅಂತ ಯಾವ್ದಿರತ್ತೆ?” ಎಂದಳು.

“ನಮ್ಮ ಮದುವೇಲಿ ಏನು ಸಿಹಿ ಮಾಡಿದ್ರು ಅನ್ನೋದ್ರಲ್ಲೇ ನಿಮ್ಮಪ್ಪಂಗೂ ನಂಗೂ ಒಂದೇ ನೆನಪಿಲ್ಲ ಮಾರಾಯ್ತಿ. ಏಷ್ಯಾದ್ದು ಎಲ್ಲಿಂದ ತರ್ಲಿ?”

“ಚಿರೋಟಿ” ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

“ಹಯಗ್ರೀವ” ಎಂದೆ ನಾನು. ಇದು ನಮ್ಮ ಮನೆಯ ತೀರದ ಗಡಿ ತಂಟೆ.

ಆದರೆ ಮಗಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ನನ್ನ ಹತ್ತಿರವೂ ಒಂದು ಖಂಡವಿತ್ತಲ್ಲ! ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಒಂದು ಸಾಲಿನಲ್ಲಿ. ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಗೋಡೆಯಾಚೆ ನಾವು. ಬೀದಿ ನಲ್ಲಿಯ ಹತ್ತಿರ ಮೂರೂ ಭಾಷೆಗಳಲ್ಲಿ ಯುದ್ಧ. ಹಬ್ಬದ ದಿನ ಮುಚ್ಚಿದ ಬಟ್ಟಲುಗಳ ಮೂಲಕ ಸಂಧಾನ. ಇಷ್ಟನ್ನೂ ಒಂದು ದಾರಕ್ಕೆ ಕಟ್ಟಿದ್ದು ಕಾರ್ಖಾನೆಯ ಸೈರನ್. ಅದು ಕೂಗಿದರೆ ಪಾಳಿ ಬದಲು, ಕೂಗಿದರೆ ಒಲೆ ಮೇಲೆ ಅನ್ನ. ಒಂದು ಮಧ್ಯಾಹ್ನ ಅದು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿಬಿಟ್ಟಿತು. ಒಳಗೆ ಏನೋ ಅನಾಹುತವಾಗಿದೆ ಎಂದು ಸಾಲಿನ ಹೆಂಗಸರೆಲ್ಲ ಇದ್ದ ಹಾಗೆಯೇ ಗೇಟಿನತ್ತ ಓಡಿದರು. ಹುಳಿ ತೊಟ್ಟಿಕ್ಕುವ ಸೌಟು ಹಿಡಿದು, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನಾನೂ ಓಡಿದೆ. ನೋಡಿದರೆ, ಸೈರನ್ ರಿಪೇರಿ ಮಾಡಿದವರು ಒಮ್ಮೆ ಊದಿ ನೋಡಿದ್ದರು, ಅಷ್ಟೆ. ಅತ್ತುಕೊಂಡು ಹೋದವರು ನಗುತ್ತಾ ಬಂದರು.

“ಸೂಪರ್ ಅಮ್ಮಾ! ಇದನ್ನೇ ಹೇಳ್ತೀನಿ. ನೀನು ಓಡಿದ್ದನ್ನ ನೋಡಿದವ್ರು ಯಾರಾದ್ರೂ ಇದ್ದಾರಾ?”

ಅಷ್ಟು ಕೇಳಿ ಅವಳು ಎದ್ದುಹೋದಳು. ನನ್ನ ಅನುಮಾನ ಮಾತ್ರ ಎದ್ದು ಕೂತಿತು. ಚರಿತ್ರೆ ಎನ್ನಬಹುದಾದದ್ದು ನನ್ನ ಬದುಕಿನಲ್ಲಿ ನಡೆದದ್ದೇ ಅದೊಂದು. ಅದಕ್ಕೂ ಸಾಕ್ಷಿ ಬೇಕೆ? ಒಗ್ಗರಣೆಗೆ ಸಾಸಿವೆ ಹಾಕುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಕೊನೆಗೆ ಭಾನುವಾರ ಮಗಳನ್ನು ಎಳೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ನಮ್ಮ ಹಳೆಯ ಸಾಲಿನ ತಮಿಳು ಮನೆಯ ಸೆಲ್ವಿ ಅಕ್ಕ ಈಗ ಅಲ್ಲೇ ಸ್ವಂತ ಮನೆ ಕಟ್ಟಿಕೊಂಡಿದ್ದಾರೆ. ವಿಷಯ ಕೇಳಿದ್ದೇ, ಈಗ ಹಿಂದಿನ ಬೀದಿಯಲ್ಲಿರುವ, ಆಗಿನ ತೆಲುಗು ಮನೆಯ ನರಸಮ್ಮನನ್ನೂ ಕೂಗಿ ಕರೆಸಿದರು.

“ಸೌಟಾ? ನನ್ ಕೈಲಿತ್ತು ಕಣ್ಣಮ್ಮಾ. ಸಾಂಬಾರು ಸೀರೆ ಮೇಲೆಲ್ಲ ಬಿದ್ದು ಆ ಸೀರೆನೇ ಹೋಯ್ತು” ಎಂದರು ಸೆಲ್ವಿ ಅಕ್ಕ.

“ನಿನ್ ಸಾಂಬಾರಲ್ಲಿ ಬೀಳೋಕೆ ಏನಿತ್ತೇ ತಲ್ಲೀ, ಬರೀ ನೀರು! ಸೌಟು ನಂದು. ಪಪ್ಪು ಇತ್ತು ಅದ್ರಲ್ಲಿ, ಗಟ್ಟಿ ಬೇಳೆ ಪಪ್ಪು” ಎಂದರು ನರಸಮ್ಮ.

“ನಿಮ್ಮಿಬ್ರದ್ದೂ ಅಲ್ಲ, ನಂದು” ಎಂದೆ.

ಅಷ್ಟು ಹೊತ್ತು ಕಚ್ಚಾಡುತ್ತಿದ್ದ ಇಬ್ಬರೂ ಒಂದಾಗಿ ನನ್ನತ್ತ ತಿರುಗಿದರು.

“ನೀನೆಲ್ಲಿದ್ದೆ ಪಂಕಜಾ? ನೀವೆಲ್ಲ ಆಯನೂರಿಗೆ ನಿಮ್ಮತ್ತೆ ಮದ್ವೆಗೆ ಹೋಗಿದ್ರಿ!” ಎಂದರು ಸೆಲ್ವಿ ಅಕ್ಕ.

“ಹೌದೇ” ಎಂದರು ನರಸಮ್ಮ. “ಮಾರನೇ ದಿನ ಬಂದು ‘ನಾನಿಲ್ದೇ ಯಾಕೆ ಸೈರನ್ ಕೂಗಿಸಿದ್ರಿ’ ಅಂತ ಬಾಗ್ಲಲ್ಲಿ ಬಿದ್ದು ಹೊರಳಾಡಿ ಅತ್ತೆ. ಊಟಾನೂ ಬೇಡ ಅಂದೆ. ಆಮೇಲೆ ಈ ಸೆಲ್ವಿ ಬಾಯಲ್ಲೇ ‘ಊಂ...’ ಅಂತ ಸೈರನ್ ಕೂಗಿದ್ಲು. ನಿನ್ ಕೈಗೊಂದು ಹುಳಿ ಸೌಟು ಕೊಟ್ಟು, ಸಾಲಿನೋರೆಲ್ಲ ಇನ್ನೊಂದ್ಸಲ ಗೇಟಿನ ತನಕ ಓಡಿದ್ವಿ. ಗೇಟ್‌ನೋರು ‘ನಿಮಗೆ ಮಾಡೋಕೆ ಬೇರೆ ಕೆಲ್ಸ ಇಲ್ವಾ’ ಅಂತ ಬೈದ್ರು.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಸೌಟು ನಿಜ, ಓಟ ನಿಜ, ತೊಟ್ಟಿಕ್ಕಿದ ಹುಳಿಯೂ ನಿಜ. ಸೈರನ್ ಮಾತ್ರ ಸೆಲ್ವಿ ಅಕ್ಕನ ಬಾಯಿಯದು!

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. “ಅದನ್ನ ಭಾಷಣದಲ್ಲಿ ಹೇಳ್ಬೇಡ ಕಣೇ. ನಾನು ಅಲ್ಲಿರ್ಲೇ ಇಲ್ಲ” ಎಂದೆ. ಕ್ವಾರ್ಟರ್ಸಿನ ಆ ಸಾಲಿನಿಂದಲೇ ನನ್ನ ಹೆಸರು ಹೊಡೆದುಹಾಕಿದ ಹಾಗಾಗಿತ್ತು.

“ಅಲ್ಲಮ್ಮಾ, ನೀನಿರ್ಲಿಲ್ಲ ಅಂತ ಅವ್ರು ಅಷ್ಟೂ ಜನ ಇನ್ನೊಂದ್ಸಲ ಓಡಿದ್ರಲ್ಲ!” ಎಂದಳು ರಚನಾ. ಹುಡುಗಿ ಇಷ್ಟು ತಿಳಿದವಳೆಂದು ಗೊತ್ತಿರಲಿಲ್ಲ. ಆದರೂ ನನ್ನ ಚಡಪಡಿಕೆ ನಿಲ್ಲಲಿಲ್ಲ.

ಸ್ಪರ್ಧೆಯ ದಿನ ಹಿಂದಿನ ಸಾಲಿನಲ್ಲಿ ಸೆರಗಿನ ತುದಿ ತಿರುವುತ್ತಾ ಕೂತಿದ್ದೆ. ಎಲ್ಲರೂ ಯುದ್ಧ, ಸಾಮ್ರಾಜ್ಯ, ರೇಷ್ಮೆ ದಾರಿ ಎಂದು ಹೇಳಿ ಇಳಿದರು. ರಚನಾ ಮೈಕಿನ ಮುಂದೆ ಬಂದಳು. “ಒಂದು ಖಂಡದಲ್ಲಿ ಎಲ್ಲ ಘಟನೆಗೂ ಎಲ್ಲರೂ ಹಾಜರಿರೋಕಾಗಲ್ಲ. ಇಲ್ಲದೇ ಇದ್ದವರಿಗಾಗಿ ಇದ್ದವರು ಇನ್ನೊಂದು ಸಲ ಓಡ್ತಾರೆ. ಹಾಗೆ ಓಡಿದ್ದೇ ನಮ್ಮೆಲ್ಲರ ಚರಿತ್ರೆ” ಎಂದಳು. ನನ್ನ ಕಣ್ಣು ಒದ್ದೆಯಾಯಿತು. ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. “ಭದ್ರಾವತಿಯಲ್ಲಿ ಸೈರನ್ ಕೂಗಿದಾಗ ನಾನು ಹುಟ್ಟೇ ಇರ್ಲಿಲ್ಲ. ಆದ್ರೂ ಅವತ್ತು ನಾನೂ ಓಡಿದೀನಿ. ಹುಳಿ ಸೌಟು ನನ್ನ ಕೈಲೇ ಇತ್ತು!”

ಸಭೆ ಚಪ್ಪಾಳೆ ತಟ್ಟಿತು. ನನಗೆ ಗೊತ್ತಿಲ್ಲದೆಯೇ ನಾನು ಎದ್ದು ನಿಂತಿದ್ದೆ. “ಸೌಟು ನಂದು!” ಎಂಬ ಮಾತು ತುಟಿಯವರೆಗೆ ಬಂದಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಬರಿಯಾಗಿ ನನ್ನ ಸೆರಗು ಹಿಡಿದರು. “ಏನಾಯ್ತ್ರೀ?”

“ಏನಿಲ್ಲ” ಎಂದು ಕೂತೆ. “ಹಾಲಿಗೆ ಹೆಪ್ಪು ಹಾಕಿ ಬಂದ್ನೋ ಇಲ್ವೋ ಅಂತ...”